ದೇಶಾಂತರದ ಲೆಕ್ಕ

ಹಿರೇಕೆರೂರಿನಲ್ಲಿ ಸೂರ್ಯ ನೆತ್ತಿಗೆ ಬಂದು ಸುಮಾರು ಒಂದು ನಿಮಿಷವಾದ ಮೇಲೆ ಹಾನಗಲ್ಲಿನಲ್ಲಿ ನೆತ್ತಿಗೆ ಬರುತ್ತಾನೆ. ಸವಣೂರು, ಶಿಗ್ಗಾವಿ ಇವೆರಡರ ನಡುಹಗಲೂ ಅದೇ ನಿಮಿಷದೊಳಗೆ ಆಗಿಹೋಗುತ್ತದೆ. ಇಷ್ಟು ಸಣ್ಣ ಅಂತರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಿಗ್ಗಾವಿಯ ಬೀಗರಿಗೆ ಹತ್ತಕ್ಕೆ ಬನ್ನಿ ಎಂದರೆ ಅವರ ಹತ್ತೂ ನಮ್ಮ ಹತ್ತೂ ಒಂದೇ. ಆದರೆ ಈ ನಾಲ್ಕು ತಾಲೂಕುಗಳ ಮಕ್ಕಳು ದುಬೈ, ಲಂಡನ್, ಡಲ್ಲಾಸ್, ಸಿಡ್ನಿ ಸೇರಿದ ಮೇಲೆ ನಮ್ಮ ಮನೆಗಳಲ್ಲಿ ಹೊಸ ಪ್ರಶ್ನೆಯೊಂದು ಬಂದು ಕೂತಿದೆ. ಫೋನು ಕೈಗೆತ್ತಿಕೊಂಡ ಅವ್ವ ಮೊದಲು ಕೇಳುವುದು ಅದನ್ನೇ: "ಅಲ್ಲೆ ಈಗ ಎಷ್ಟ್ ಗಂಟಿ ಆಗಿರತೈತಿ? ಹುಡುಗ್ರು ಎದ್ದಿರತಾರೇನು?"

ನಮ್ಮ ಮನೆಯಲ್ಲಿ ಇದಕ್ಕೆ ಉತ್ತರ ಹೇಳುವವಳು ತಮ್ಮನ ಮಗಳು. ಯಾರ ಊರಿನಲ್ಲಿ ಈಗೆಷ್ಟು ಹೊತ್ತು ಎಂದು ಕೇಳಿದರೆ ಗಡಿಯಾರ ನೋಡಿ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾಳೆ. ನಾಲ್ಕು ದೇಶಗಳ ಬಳಗವನ್ನು ಒಂದೇ ಹೊತ್ತಿಗೆ ಪರದೆಯ ಮುಂದೆ ಕೂರಿಸುವ ಕೆಲಸವೂ ಅವಳದೇ. ಅವಳ ಪಕ್ಕದಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ನೋಡಿದಷ್ಟೂ ಇದು ಬರೀ ಕೂಡಿಸಿ ಕಳೆಯುವ ಲೆಕ್ಕವಲ್ಲ, ಕೈಕಸುಬು ಎಂದು ಖಾತ್ರಿಯಾಗಿದೆ.

ಕಸುಬು ಹಳೆಯದು. ದೇಶಾಂತರ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಊರು ಬಿಟ್ಟು ದೂರ ಹೋದವನನ್ನು ದೇಶಾಂತರ ಹೋದ ಎನ್ನುತ್ತೇವೆ. ಪಂಚಾಂಗದ ಗಣಿತದಲ್ಲಿ ಅದೇ ಮಾತು ಒಂದು ಊರು ಮಧ್ಯರೇಖೆಯಿಂದ ಎಷ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಇದೆ ಎಂಬ ಅಳತೆ. ಆ ಅಳತೆಯಷ್ಟು ಹೊತ್ತನ್ನು ಕೂಡಿಸುವುದೋ ಕಳೆಯುವುದೋ ದೇಶಾಂತರ ಸಂಸ್ಕಾರ. ದೂರ ಹೋದವನ ಹೊತ್ತನ್ನು ತಿದ್ದಿಕೊಳ್ಳುವ ಲೆಕ್ಕಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋಚುವುದಿಲ್ಲ.

ದಿನವೊಂದಕ್ಕೆ 60 ಗಳಿಗೆ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲು ನೀರಿನ ಮೇಲೆ ತೇಲುತ್ತ, ತುಂಬುತ್ತ, ಮುಳುಗುವುದಕ್ಕೆ ಹಿಡಿಯುವ ಹೊತ್ತು ಒಂದು ಗಳಿಗೆ, ಎಂದರೆ 24 ನಿಮಿಷ. ಭೂಮಿಯ ಸುತ್ತಳತೆ 360 ಅಂಶ. ಅದನ್ನು 60ರಿಂದ ಭಾಗಿಸಿದರೆ ಗಳಿಗೆಗೆ 6 ಅಂಶ. ಈಗಿನ ಮಾತಿನಲ್ಲಿ ಅಂಶಕ್ಕೆ 4 ನಿಮಿಷ, ಗಂಟೆಗೆ 15 ಅಂಶ. ಪೂರ್ವಕ್ಕೆ ಹೋದರೆ ಕೂಡಿಸು, ಪಶ್ಚಿಮಕ್ಕೆ ಹೋದರೆ ಕಳೆ. ಇಡೀ ವಿದ್ಯೆಯ ಬೇರು ಇಷ್ಟೇ.

499ರ ಆರ್ಯಭಟೀಯದಲ್ಲಿ ಆರ್ಯಭಟ ಈ ಬೇರಿನಿಂದ ಒಂದು ಅದ್ಭುತ ಚಿತ್ರ ಎಬ್ಬಿಸುತ್ತಾನೆ. ಭೂಮಧ್ಯರೇಖೆಯ ಮೇಲೆ ಕಾಲು ಸುತ್ತಿಗೊಂದರಂತೆ ನಾಲ್ಕು ಊರುಗಳು: ಲಂಕೆ, ಅದರ ಪೂರ್ವಕ್ಕೆ ಯವಕೋಟಿ, ಸರಿ ಎದುರು ಬದಿಗೆ ಸಿದ್ಧಪುರ, ಪಶ್ಚಿಮಕ್ಕೆ ರೋಮಕ. ಲಂಕೆಯಲ್ಲಿ ಸೂರ್ಯ ಹುಟ್ಟುವಾಗ ಯವಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಮುಳುಗುವ ಹೊತ್ತು, ರೋಮಕದಲ್ಲಿ ನಡುರಾತ್ರಿ. ಈ ಲಂಕೆ ಇಂದಿನ ಶ್ರೀಲಂಕಾ ಅಲ್ಲ. ಗಣಿತಕ್ಕೆಂದು ಇಟ್ಟುಕೊಂಡ ಗುರುತು. ಹಡಗೇರದೆ, ತಂತಿ ಕಳಿಸದೆ, ನಾಲ್ಕು ಕಡೆಯ ಹೊತ್ತನ್ನು ಒಂದೇ ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದಿಟ್ಟ ಆ ಧೈರ್ಯಕ್ಕೆ ನಾನು ಮತ್ತೆ ಮತ್ತೆ ಬೆರಗಾಗುತ್ತೇನೆ. ನನ್ನ ತಮ್ಮನ ಮಗಳು ಮಾಡುವುದೂ ಇದನ್ನೇ.

ಲಂಕೆಯಿಂದ ಉಜ್ಜಯಿನಿಯ ಮೇಲೆ ಹಾಯುವ ಗೆರೆಯೇ ನಮ್ಮ ಜ್ಯೋತಿಷಿಗಳ ಮಧ್ಯರೇಖೆ. ಇಲ್ಲಿ ನಮ್ಮ ನಾಲ್ಕು ಊರುಗಳಿಗೆ ಒಂದು ಹೆಮ್ಮೆ ಇದೆ. ಉಜ್ಜಯಿನಿ ಇರುವುದು ಸುಮಾರು 75.8 ಅಂಶ ಪೂರ್ವದಲ್ಲಿ, ಹಾನಗಲ್ಲು 75.1ರಲ್ಲಿ, ಹಿರೇಕೆರೂರು 75.4ರಲ್ಲಿ. ಹಾನಗಲ್ಲಿಗೆ ತಿದ್ದಬೇಕಾದದ್ದು ಎರಡೂವರೆ ನಿಮಿಷದ ಆಸುಪಾಸು, ಅಷ್ಟೇ. ಗೆರೆ ಹೆಚ್ಚುಕಡಿಮೆ ನಮ್ಮ ಹೊಲಗಳ ಮೇಲೇ ಹಾದಿದೆ ಎನ್ನಬಹುದು.

ದೂರದ ಊರಿನ ದೇಶಾಂತರವನ್ನು ಹಿಂದಿನವರು ಕಂಡುಕೊಳ್ಳುತ್ತಿದ್ದ ಬಗೆ ಇನ್ನೂ ಚೆಂದ. ಚಂದ್ರಗ್ರಹಣ ಕಾಣುವ ಊರಿಗೆಲ್ಲ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಮಧ್ಯರೇಖೆಯಲ್ಲಿ ಅದು ಎಷ್ಟು ಗಳಿಗೆಗೆ ಎಂದು ಗಣಿಸಿಟ್ಟುಕೊಂಡು, ನಮ್ಮೂರಿನ ಗಳಿಗೆ ಬಟ್ಟಲಿನಲ್ಲಿ ಎಷ್ಟಾಯಿತು ಎಂದು ನೋಡಬೇಕು. ಇಲ್ಲಿ ಹೆಚ್ಚು ಬಂದರೆ ನಾವು ಪೂರ್ವಕ್ಕೆ, ಕಡಿಮೆ ಬಂದರೆ ಪಶ್ಚಿಮಕ್ಕೆ. ಸೂರ್ಯಸಿದ್ಧಾಂತ ಹೇಳುವ ಉಪಾಯವಿದು. ಎಲ್ಲರೂ ಒಟ್ಟಿಗೆ ನೋಡಬಲ್ಲ ಒಂದು ಕ್ಷಣವನ್ನು ಮೊದಲು ಹಿಡಿ, ಆಮೇಲೆ ಅವರವರ ಹೊತ್ತು ಕೇಳು.

ಇನ್ನು ಗಡಿಯಾರದ ಮಾತು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ದೇಶಗಳು ಲಂಡನ್ನಿನ ಗ್ರೀನ್‌ವಿಚ್ ಗೆರೆಯನ್ನು ಜಗತ್ತಿನ ಮಧ್ಯರೇಖೆ ಎಂದು ಒಪ್ಪಿದವು. ಅಲ್ಲಿಂದ 75 ಅಂಶ ಪೂರ್ವಕ್ಕೆ ಎಂದರೆ ಸರಿಯಾಗಿ 5 ಗಂಟೆ. ಹಾನಗಲ್ಲಿನ ಸೂರ್ಯನ ಹೊತ್ತು ಗ್ರೀನ್‌ವಿಚ್‌ಗಿಂತ ಐದು ಗಂಟೆ, ಮೇಲೆ ಅರ್ಧ ನಿಮಿಷ ಮುಂದಿದೆ. ಆದರೆ ಕೈಗಡಿಯಾರ ತೋರಿಸುವುದು ಐದೂವರೆ. ಆ ಮಿಕ್ಕ ಅರ್ಧ ಗಂಟೆ ಮಿರ್ಜಾಪುರದ್ದು: 1906ರ ಜನವರಿ 1ರಿಂದ ಇಡೀ ದೇಶಕ್ಕೆ ಅದರ ಹತ್ತಿರ ಹಾಯುವ 82.5 ಅಂಶದ ಹೊತ್ತು ಜಾರಿಗೆ ಬಂತು. ಮುಂಬಯಿ ನಗರವಾದರೋ 4 ಗಂಟೆ 51 ನಿಮಿಷದ ತನ್ನದೇ ಹೊತ್ತನ್ನು 1950ರ ದಶಕದವರೆಗೂ ಬಿಟ್ಟುಕೊಡಲಿಲ್ಲ. ಆ ಮಿರ್ಜಾಪುರದ ಹೊತ್ತಿನಿಂದಲೇ ನಮ್ಮಲ್ಲಿ ನಡುಹಗಲು ಹನ್ನೆರಡಕ್ಕಲ್ಲ, ಸರಾಸರಿ 12 ಗಂಟೆ 29 ನಿಮಿಷಕ್ಕೆ. ಫೆಬ್ರುವರಿ ನಡುವಿನಲ್ಲಿ 12-44ರವರೆಗೆ ಹೋಗುತ್ತದೆ, ನವೆಂಬರ್ ಮೊದಲ ವಾರ 12-13ಕ್ಕೆ ಬರುತ್ತದೆ. ಅಭಿಜಿನ್ ಮುಹೂರ್ತದ ಅಕ್ಕಿಕಾಳು ಹನ್ನೆರಡೂವರೆಯ ಆಸುಪಾಸಿಗೆ ಬೀಳುವುದರ ಹಿಂದೆ ಇರುವುದು ಈ ಲೆಕ್ಕ.

ಇದೇ ಲೆಕ್ಕ ಹಿಡಿದು ಒಮ್ಮೆ ಭೂಗೋಲವನ್ನು ತಿರುಗಿಸಿ ನೋಡಿದೆವು. ಹಾನಗಲ್ಲಿನ ಸರಿ ಎದುರು ಗೆರೆಯ ಮೇಲೆ ಸಿಕ್ಕಿದ್ದು ಅಮೆರಿಕದ ಡೆನ್ವರ್, 105 ಅಂಶ ಪಶ್ಚಿಮ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮೇಲೆ ಸೂರ್ಯ ನೆತ್ತಿಗೆ ಬಂದಾಗ ಡೆನ್ವರಿನಲ್ಲಿ ನಡುರಾತ್ರಿ. ನಮ್ಮ ಸಿದ್ಧಪುರ ಅದು.

ಈಗ ತಮ್ಮನ ಮಗಳ ಕೈಚಳಕಕ್ಕೆ ಬರುತ್ತೇನೆ. ಡಲ್ಲಾಸಿನ ಹೊತ್ತು ಬೇಕೆಂದರೆ ಹನ್ನೊಂದೂವರೆ ಗಂಟೆ ಕಳೆಯಲು ಅವಳು ಹೋಗುವುದಿಲ್ಲ. ಸಂಜೆಯನ್ನು ಬೆಳಗು ಮಾಡಿ ಅರ್ಧ ಗಂಟೆ ಸೇರಿಸುತ್ತಾಳೆ. ಇಲ್ಲಿ ಸಂಜೆ ಐದೂವರೆ, ಅಲ್ಲಿ ಬೆಳಗಿನ ಆರು. ನ್ಯೂಯಾರ್ಕ್ ಆದರೆ ತಿರುಗಿಸಿ ಒಂದೂವರೆ ಗಂಟೆ ಸೇರಿಸು. ಕ್ಯಾಲಿಫೋರ್ನಿಯಾ ಆದರೆ ತಿರುಗಿಸಿ ಒಂದೂವರೆ ಕಳೆ. ಇವು ಚಳಿಗಾಲದ ಲೆಕ್ಕಗಳು. ಅಲ್ಲಿ ಬೇಸಿಗೆಯ ಹೊತ್ತು ಬಂದಾಗ ಮೂರಕ್ಕೂ ಒಂದೊಂದು ಗಂಟೆ ಹೆಚ್ಚಿಸಿಕೊಂಡರಾಯಿತು. ಇಲ್ಲಿ ಬೆಳಗಾಗಿದ್ದರೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಬುದೊಂದನ್ನು ಮರೆಯಬಾರದು.

ಲಂಡನ್ನಿಗೆ ಇನ್ನೂ ಸುಲಭದ ಉಪಾಯವಿದೆ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಮಾಡಿ ನೋಡಿದರೆ ಸಾಕು, ಅಲ್ಲಿನ ಚಳಿಗಾಲದ ಹೊತ್ತು ಕಾಣುತ್ತದೆ. ನಮ್ಮ ಹನ್ನೆರಡು ತಿರುಗಿ ನಿಂತರೆ ಆರೂವರೆ. ನಮ್ಮ ಮೂರೂವರೆ ತಿರುಗಿ ನಿಂತರೆ ಹತ್ತು. ಅರ್ಧ ಸುತ್ತು ತಿರುಗಿದಾಗ ಗಂಟೆಯ ಮುಳ್ಳು ಆರು ಗಂಟೆ ಸರಿಯುತ್ತದೆ, ನಿಮಿಷದ ಮುಳ್ಳು ಅರ್ಧ ಗಂಟೆ ಸರಿಯುತ್ತದೆ. ಆರರಲ್ಲಿ ಅರ್ಧ ಕಳೆದರೆ ಐದೂವರೆ. ಮಿರ್ಜಾಪುರದ ಅರ್ಧ ಗಂಟೆ ಇಲ್ಲಿ ನಮಗೆ ಒಂದು ಉಪಕಾರ ಮಾಡಿದೆ.

ಕಷ್ಟವಿರುವುದು ಕಳೆಯುವುದರಲ್ಲಲ್ಲ, ಎದುರಿನವರ ಗಡಿಯಾರ ಯಾವಾಗ ಸರಿಯುತ್ತದೆ ಎಂದು ತಿಳಿಯುವುದರಲ್ಲಿ. ನಮ್ಮ ಗಡಿಯಾರ ಅಲುಗಾಡುವುದಿಲ್ಲ. (ಒಮ್ಮೆ ಅಲುಗಾಡಿತ್ತು: ಎರಡನೆಯ ಮಹಾಯುದ್ಧದಲ್ಲಿ 1942ರಿಂದ 1945ರವರೆಗೆ ಒಂದು ಗಂಟೆ ಮುಂದೆ.) ಅಮೆರಿಕದ ಬಹುಪಾಲು ಊರುಗಳಲ್ಲಿ ಮಾರ್ಚ್ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೋಡುತ್ತದೆ. ಬ್ರಿಟನ್ನು ಮಾರ್ಚಿನ ಕಡೆಯ ಭಾನುವಾರದವರೆಗೆ ಕಾಯುತ್ತದೆ. ಬ್ರಿಟನ್ನು ಹಿಂದಕ್ಕೆ ಬರುವುದು ಅಕ್ಟೋಬರಿನ ಕಡೆಯ ಭಾನುವಾರ, ಅಮೆರಿಕ ನವೆಂಬರಿನ ಮೊದಲ ಭಾನುವಾರ. ಸಿಡ್ನಿಯದು ಪೂರಾ ತಿರುವುಮುರುವು: ಅಕ್ಟೋಬರ್ ಮೊದಲ ಭಾನುವಾರ ಮುಂದೆ, ಏಪ್ರಿಲ್ ಮೊದಲ ಭಾನುವಾರ ಹಿಂದೆ. ದುಬೈ ನಮ್ಮ ಹಾಗೆ ನಿಂತಲ್ಲೇ ನಿಂತಿದೆ, ಸದಾ ಒಂದೂವರೆ ಗಂಟೆ ಹಿಂದೆ. ಮಾರ್ಚಿನ ಆ ಎರಡು ಮೂರು ವಾರ, ಅಕ್ಟೋಬರ್ ಕೊನೆಯ ಆ ಒಂದು ವಾರ, ಹಳೆಯ ಅಂತರ ನಂಬಿದವರು ಒಂದು ಗಂಟೆ ತಪ್ಪುತ್ತಾರೆ. ಒಂದು ಮಾರ್ಚಿನಲ್ಲಿ ನಾನೂ ತಪ್ಪಿದೆ. ಮೊಮ್ಮಗುವಿನ ಹೆಸರಿಡುವ ಶಾಸ್ತ್ರ ಮುಗಿದು, ಹಾಡು ಹೇಳಿಯಾಗಿ, ತೊಟ್ಟಿಲ ಸುತ್ತಲಿನ ಜನ ಎದ್ದುಹೋದ ಮೇಲೆ ಫೋನು ಹಚ್ಚಿದ್ದೆ. ಆ ವರ್ಷದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಈ ಭಾನುವಾರಗಳಿಗೆಲ್ಲ ಅವಳ ಕೈಯ ಕೆಂಪು ಗುರುತು ಬೀಳುತ್ತದೆ.

ಒಂದು ಜನವರಿಯಲ್ಲಿ ಹಿರೇಕೆರೂರಿನಲ್ಲಿ ನಿಶ್ಚಯ ಕಾರ್ಯವಿತ್ತು. ಬಳಗ ದುಬೈ, ಲಂಡನ್, ಡಲ್ಲಾಸ್, ಸಿಡ್ನಿಗಳಲ್ಲಿ ಹಂಚಿಹೋಗಿತ್ತು. ಅವಳು ಊರಿಂದೂರಿಗೆ ಲೆಕ್ಕ ಹಾಕಲಿಲ್ಲ. ನೋಟುಬುಕ್ಕಿನ ನಡುವೆ ಗ್ರೀನ್‌ವಿಚ್ ಎಂದು ಒಂದು ಗೆರೆ ಎಳೆದಳು, ಹಿಂದಿನವರು ಲಂಕೆಯ ಗೆರೆ ಎಳೆದ ಹಾಗೆ. ಪ್ರತಿ ಊರನ್ನೂ ಅದಕ್ಕೇ ಕಟ್ಟಿದಳು: ಹಿರೇಕೆರೂರು ಐದೂವರೆ ಮುಂದೆ, ದುಬೈ ನಾಲ್ಕು ಮುಂದೆ, ಲಂಡನ್ ಅಲ್ಲೇ, ಡಲ್ಲಾಸ್ ಆರು ಹಿಂದೆ, ಸಿಡ್ನಿ ಹನ್ನೊಂದು ಮುಂದೆ. ಆಮೇಲೆ ಆ ನಡುಗೆರೆಯ ಹೊತ್ತನ್ನು ಮೇಲೆ ಕೆಳಗೆ ಸರಿಸುತ್ತ ಹೋದಳು. ಗ್ರೀನ್‌ವಿಚ್ 1 ಗಂಟೆ ಎಂದರೆ ಸಿಡ್ನಿಯಲ್ಲಿ ನಡುರಾತ್ರಿ. 11 ಎಂದರೆ ಡಲ್ಲಾಸಿನಲ್ಲಿ ಬೆಳಗಿನ ಐದು. 12ಕ್ಕೆ ನಿಲ್ಲಿಸಿದಳು: ಹಿರೇಕೆರೂರು ಸಂಜೆ 5-30, ದುಬೈ 4, ಲಂಡನ್ ಮಧ್ಯಾಹ್ನ 12, ಡಲ್ಲಾಸ್ ಬೆಳಗ್ಗೆ 6, ಸಿಡ್ನಿ ರಾತ್ರಿ 11. ಸಿಡ್ನಿಯಲ್ಲಿ ಮಕ್ಕಳು ಸಣ್ಣವರು, ಅವರು ಮಲಗಿದ ಮೇಲೆಯೇ ದಂಪತಿಗೆ ಬಿಡುವು. ಡಲ್ಲಾಸಿನ ಕಾಕಾ ಬೆಳಗಿನ ಜಾವ ಏಳುವವರು. ಇದು ಯಾವ ಯಂತ್ರಕ್ಕೂ ತಿಳಿಯದ ಲೆಕ್ಕ. ಅದೇ ಕಾರ್ಯ ಜುಲೈನಲ್ಲಿ ಆಗಿದ್ದರೆ ಡಲ್ಲಾಸಿಗೆ 7, ಸಿಡ್ನಿಗೆ 10 ಆಗಿ ಎರಡೂ ತುದಿಯವರಿಗೆ ಇನ್ನಷ್ಟು ಅನುಕೂಲವಿತ್ತು.

ಅವಳು ಕಳಿಸುವ ಕರೆಯೋಲೆಯನ್ನೂ ನೋಡಬೇಕು. ಒಬ್ಬೊಬ್ಬರಿಗೂ ಅವರವರ ಊರಿನ ಹೊತ್ತು, ವಾರ, ತಾರೀಖು. ರಾತ್ರಿ 12 ಎಂದು ಬರೆಯುವುದಿಲ್ಲ, 11-55 ಎನ್ನುತ್ತಾಳೆ, ಯಾವ ದಿನದ ಹನ್ನೆರಡು ಎಂಬ ಗೊಂದಲ ಬರಬಾರದೆಂದು. ಅದರಲ್ಲೂ ಅವ್ವನಂಥವರಿಗೆ ಹೇಳುವಾಗ ಎಚ್ಚರ ಬೇಕು. ಅವ್ವನಿಗೆ ದಿನ ಹುಟ್ಟುವುದು ಸೂರ್ಯನ ಜೊತೆ. ಸೋಮವಾರ ರಾತ್ರಿ ಎರಡು ಗಂಟೆ ಎಂದರೆ ಸೋಮವಾರ ಉಂಡು ಮಲಗಿದ ಮೇಲಿನ ರಾತ್ರಿ. ಗಡಿಯಾರಕ್ಕೆ ಅದು ಆಗಲೇ ಮಂಗಳವಾರ. ವಿಮಾನದ ಟಿಕೆಟ್ಟು ಹಿಡಿದು ಒಂದು ದಿನ ತಡವಾಗಿ ನಿಲ್ದಾಣಕ್ಕೆ ಹೋಗುವವರು ತಪ್ಪುವುದು ಇಲ್ಲೇ.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದದ್ದು ಹಡಗಿನಲ್ಲಿ. ಅವರ 'ಸಮುದ್ರಗೀತೆಗಳು' ಆ ಪಯಣದ ಫಲ. ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಗಡಿಯಾರವನ್ನು ಆಗಾಗ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತ ಹೋಗುತ್ತಿದ್ದರು. ಐದೂವರೆ ಗಂಟೆ ಕಂತುಕಂತಾಗಿ ಮೈಗೆ ಒಗ್ಗುತ್ತಿತ್ತು. ಈಗಿನ ಮಕ್ಕಳು ಅಷ್ಟನ್ನೂ ಒಂದೇ ರಾತ್ರಿ ನುಂಗಬೇಕು.

ಈ ಕಸುಬಿನ ಕಠಿಣ ಪರೀಕ್ಷೆ ಹಬ್ಬದ್ದು. ತಿಥಿ ಶುರುವಾಗುವ ಕ್ಷಣ, ಚಂದ್ರಗ್ರಹಣದ ಹಾಗೆ, ಇಡೀ ಭೂಮಿಗೆ ಒಂದೇ. ಆದರೆ ಯುಗಾದಿ ಯಾವ ದಿನ ಎಂದು ಹೇಳುವುದು ಅವರವರ ಊರಿನ ಸೂರ್ಯೋದಯ. ಆ ಹೊತ್ತಿಗೆ ಪಾಡ್ಯ ಇರಬೇಕು. 2025ರ ಮಾರ್ಚ್ 29ರ ಶನಿವಾರ, ಗ್ರೀನ್‌ವಿಚ್ 10 ಗಂಟೆ 58 ನಿಮಿಷಕ್ಕೆ ಅಮಾವಾಸ್ಯೆ ಮುಗಿಯಿತು. ನಮಗೆ ಸಂಜೆ 4-28. ನಮ್ಮ ಸೂರ್ಯ ಪಾಡ್ಯವನ್ನು ಕಂಡದ್ದು ಮರುದಿನ ಬೆಳಗ್ಗೆ, ಆದ್ದರಿಂದ ಭಾನುವಾರ ಯುಗಾದಿ. ಡಲ್ಲಾಸಿನಲ್ಲಿ ಅದೇ ಕ್ಷಣ ಶನಿವಾರ ನಸುಕಿನ 5-58. ಸೂರ್ಯ ಹುಟ್ಟಿದ್ದು ಏಳೂಕಾಲು ದಾಟಿ, ಪಾಡ್ಯದಲ್ಲೇ. ನಮ್ಮಲ್ಲಿ ಪಾಡ್ಯ ಭಾನುವಾರ ಮಧ್ಯಾಹ್ನ ಒಂದರೊಳಗೆ ಮುಗಿಯಿತು. ಅಲ್ಲಿ ಅದು ನಡುರಾತ್ರಿ ಕಳೆದ ಹೊತ್ತು, ಭಾನುವಾರದ ಸೂರ್ಯ ಹುಟ್ಟುವಷ್ಟರಲ್ಲಿ ಬಿದಿಗೆ. ಲೆಕ್ಕದ ಪ್ರಕಾರ ಅವರ ಯುಗಾದಿ ಶನಿವಾರವೇ.

ನೋಟುಬುಕ್ಕಿನ ಒಂದು ಪುಟದಲ್ಲಿ ಇದನ್ನೆಲ್ಲ ಬರೆದು ಅವಳು ಅವ್ವನಿಗೆ ಓದಿ ಹೇಳಿದಳು. ಶನಿವಾರ ಸಂಜೆ ಆರಕ್ಕೆ ಫೋನು ಬಂತು. ಪರದೆಯ ಮೇಲೆ ಮೊಮ್ಮಕ್ಕಳು ಎಣ್ಣೆ ಹಚ್ಚಿ ಮಿಂದು, ಹೊಸ ಬಟ್ಟೆ ತೊಟ್ಟು, ಬೆಳಗಿನ ಬಿಸಿಲಿನಲ್ಲಿ ಬೇವು ಕುಡಿಯುತ್ತಿದ್ದರು. "ಬೇಸ್ ಆತ್ ನೋಡ್, ಈ ಸಲ ಹಬ್ಬ ಮೊದಲ ನಿಮ್ಮಲ್ಲೇ ಬಂತು" ಎಂದಳು ಅವ್ವ. ನಮ್ಮ ಬೇವಿನ ಟೊಂಗೆ ಇನ್ನೂ ಗಿಡದಲ್ಲೇ ಇತ್ತು.