ಒತ್ತಕ್ಷರಕ್ಕೆ ಒಂದೇ ಕೀಲಿ

ಗೋಕಾಕದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪಾಗಲಿ, ಮೂಡಲಗಿಯ ಕಚೇರಿಯಲ್ಲಿ ಅರ್ಜಿ ಸಿದ್ಧವಾಗಲಿ, ನುಡಿ ತಂತ್ರಾಂಶ ಬಲ್ಲವರು ‘ಹುಕ್ಕೇರಿ’ ಎಂದು ಮೂಡಿಸುವುದು ಹೀಗೆ: ಎಚ್, ಯು, ಕೆ, ಎಫ್, ಕೆ, ಶಿಫ್ಟ್ ಹಿಡಿದು ಇ, ಆರ್, ಐ. ಇವುಗಳಲ್ಲಿ ಎಫ್ ಅಕ್ಷರವಲ್ಲ, ಆಜ್ಞೆ. ಹಿಂದಿನ ವ್ಯಂಜನಕ್ಕೆ ಮುಂದಿನದನ್ನು ಕೂಡಿಸು ಎಂದು ಅದು ಗಣಕಕ್ಕೆ ಹೇಳುತ್ತದೆ.

ಈ ಆಜ್ಞೆಯನ್ನು ಕಂಡುಕೊಂಡವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್. ಮುದ್ರಣ ತಂತ್ರಜ್ಞಾನದಲ್ಲಿ ದುಡಿದ ಅವರಿಗೆ ಕನ್ನಡ ಅಚ್ಚಿನ ಕಷ್ಟ ಚೆನ್ನಾಗಿ ಗೊತ್ತಿತ್ತು. ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಅಚ್ಚುಮೊಳೆ ಬೇಕು. ಅಷ್ಟನ್ನೂ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಿಗೆ ಇಳಿಸುವುದು ಹೇಗೆ?

ಉತ್ತರ ಸಿಕ್ಕಿದ್ದು ಅಕ್ಷರದ ಆಕಾರದಲ್ಲಲ್ಲ, ಉಚ್ಚಾರದಲ್ಲಿ. ‘ಕ್ಕೇ’ ಬರೆಯುವಾಗ ಕೈ ಮೊದಲು ‘ಕೇ’ ತಿದ್ದಿ ಆಮೇಲೆ ಒತ್ತು ಕೊಡುತ್ತದೆ. ನಾಲಿಗೆ ನುಡಿಯುವುದು ಮಾತ್ರ ಕ್, ಕ್, ಏ ಎಂಬ ಕ್ರಮದಲ್ಲಿ. ಬೆರಳು ನಾಲಿಗೆಯ ಕ್ರಮ ಹಿಡಿದರೆ ಸಾಕು, ಆಕಾರ ಜೋಡಿಸುವ ಕೆಲಸ ಗಣಕದ್ದು. ಹೀಗಾಗಿ ಒತ್ತುಗಳಿಗೆ ಬೇರೆ ಬೇರೆ ಕೀಲಿಗಳೇ ಬೇಡವಾದವು. 1970ರ ದಶಕದಲ್ಲಿ ಅಮೆರಿಕದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ ಎಂಬ ಸಂಪಾದಕದಲ್ಲಿ ಕಟ್, ಕಾಪಿ, ಪೇಸ್ಟ್ ತಂದು ಬರೆದದ್ದನ್ನು ಕದಲಿಸುವುದನ್ನು ಸುಲಭ ಮಾಡಿದ್ದರು. ಕನ್ನಡಕ್ಕೆ ಅದಕ್ಕೂ ಮೊದಲು ಬೇಕಿದ್ದದ್ದು ಅಕ್ಷರ ಕೂಡಿಸುವ ದಾರಿ. ಅದನ್ನು ರಾವ್ ತೋರಿಸಿದರು.

ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟು ಅವರು ಅದನ್ನು ಉಚಿತವಾಗಿ ಹಂಚಿದರು. ಮುಂದೆ ರಾಜ್ಯ ಸರಕಾರ ಇದೇ ವಿನ್ಯಾಸವನ್ನು ಅಧಿಕೃತಗೊಳಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ತಾಲ್ಲೂಕು ಕಚೇರಿಗಳ ಮೇಜು ಮುಟ್ಟಿತು. ಲಿನಕ್ಸ್‌ನಲ್ಲೂ ಅದು ‘ಕಗಪ’ ಎಂಬ ಹೆಸರಿನಲ್ಲಿದೆ.

ಒಂದು ತೊಡಕು ಉಳಿಯಿತು. ಹಳೆಯ ನುಡಿ ಫಾಂಟುಗಳು ಕಡತದಲ್ಲಿ ಉಳಿಸಿದ್ದು ಉಚ್ಚಾರವನ್ನಲ್ಲ, ಅಕ್ಷರದ ಆಕಾರದ ತುಣುಕುಗಳನ್ನು. ಆ ಫಾಂಟ್ ಇಲ್ಲದ ಗಣಕದ ನೋಟ್‌ಪ್ಯಾಡ್‌ನಲ್ಲಿ ಅಂಥ ಕಡತ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅದು ಅಕ್ಷರಗಳನ್ನು ಉಳಿಸುವುದು ಉಚ್ಚಾರದ ಕ್ರಮದಲ್ಲೇ. ಅದರಲ್ಲಿ ಬರೆದ ಪಟ್ಟಿಯನ್ನು ಯಾವ ಗಣಕದಲ್ಲಾದರೂ ತೆರೆದು, ಕಂಟ್ರೋಲ್ ಜತೆ ಎಫ್ ಒತ್ತಿ ‘ಹುಕ್ಕೇರಿ’ ಹುಡುಕಿದರೆ ಸಿಗುತ್ತದೆ.

ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿಯ ಟೈಪಿಸ್ಟರಲ್ಲಿ ಒಂದು ಮನವಿ. ಬೆರಳಿಗೆ ರೂಢಿಯಾದ ಕೀಲಿಗಳನ್ನು ಬದಲಿಸಬೇಕಿಲ್ಲ, ಹೊಸ ನುಡಿಯಲ್ಲಿ ಯೂನಿಕೋಡ್ ಆರಿಸಿಕೊಂಡು ಬರೆಯಿರಿ. ನೀವು ಇಂದು ಬರೆದ ಕನ್ನಡ ನಾಳೆಯ ಗಣಕಕ್ಕೂ ಓದಲು ಸಿಗಬೇಕು.