ಗ್ರಂಥಪಾಲಕರೂ ರೋಗಿಯೂ

ಸಿ.ಎಸ್. ಪುರದವನಾದ ನನಗೆ ಗ್ರಂಥಪಾಲಕರೆಂದರೆ ಬಹುಕಾಲ ಬೀರುವಿನ ಬೀಗದಕೈ ಕಾಯುವವರೇ ಆಗಿದ್ದರು. ರೋಗಿಗೂ ಅವರಿಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಒಂದು ನಿದರ್ಶನ ಹೇಳುತ್ತೇನೆ.

ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಉಸಿರಾಟದ ತೊಂದರೆ ತಗ್ಗುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಪ್ರಕಟಿಸಿದರು. ಅನಂತರದ ಪ್ರಯೋಗಗಳ ವರದಿಗಳು ಹಲವು ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ಅವನ್ನೆಲ್ಲ ಕ್ರಮವಾಗಿ ಒಟ್ಟುಗೂಡಿಸಿ ತೂಗಿದ ಸಮೀಕ್ಷೆ ಹೊರಬಂದದ್ದು 1989ರಲ್ಲಿ. ಆ ನಡುವೆ, ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಉಳಿಯಲಿಲ್ಲ. ಮದ್ದು ಇತ್ತು, ಅದರ ಸಾಕ್ಷ್ಯ ಒಂದೆಡೆ ಸೇರಿರಲಿಲ್ಲ.

ಅಂಥ ಸಾಕ್ಷ್ಯವನ್ನು ಹುಡುಕಿ ವೈದ್ಯರ ಮುಂದಿಡುವುದು ಇಂದು ವೈದ್ಯಕೀಯ ಗ್ರಂಥಪಾಲಕರ ಕೆಲಸ. ಹುಡುಕುವಾಗ ಸರಿಯಾದ ಪದ ಹೊಳೆಯದಿದ್ದರೆ ಒಂದು ಪ್ರಯೋಗವೇ ಕೈತಪ್ಪೀತು. ಪ್ರತಿಕೂಲ ಫಲಿತಾಂಶ ಕಣ್ತಪ್ಪಿದರೆ ಮದ್ದಿನ ಗುಣ ಇದ್ದುದಕ್ಕಿಂತ ಹೆಚ್ಚಾಗಿ ತೋರೀತು. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ‘ಹೆಲಿನೆಟ್’ ಜಾಲವನ್ನು ಆರಂಭಿಸಿ, ತನ್ನ ಕಾಲೇಜುಗಳಿಗೆ ಗಣಕದ ಮೂಲಕ ವೈದ್ಯಪತ್ರಿಕೆಗಳನ್ನು ಒದಗಿಸಿತು.

ಆದರೆ ನಮ್ಮಂಥ ಹೋಬಳಿಯ ವೈದ್ಯರ ಪಕ್ಕದಲ್ಲಿ ಗ್ರಂಥಪಾಲಕರಿಲ್ಲ. ಅವರ ಪ್ರಶ್ನೆಯನ್ನೂ ತುಮಕೂರಿನ ಗ್ರಂಥಾಲಯವೊಂದು ಕೈಗೆತ್ತಿಕೊಂಡು ಅಂದೇ ಉತ್ತರಿಸುವಂತಾಗಬೇಕು. ಹೆರಿಗೆ ಕಾಯುವುದಿಲ್ಲ, ಉತ್ತರವೂ ತಡವಾಗಬಾರದು.