ಕೂತು ಕೇಳುವವಳ ಸಂಬಳ

2013ರ ಫೆಬ್ರುವರಿಯಲ್ಲಿ ಬಜೆಟ್ ಮಂಡಿಸುತ್ತ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಿಸಿದರು. ದೆಹಲಿಯ ಬಸ್ಸಿನಲ್ಲಿ ಯುವತಿಯ ಮೇಲೆ ಆ ಸಾಮೂಹಿಕ ಅತ್ಯಾಚಾರ ನಡೆದು ಮೂರು ತಿಂಗಳೂ ತುಂಬಿರಲಿಲ್ಲ. ವರ್ಷದ ಕೊನೆಗೆ ಉಳಿದ ಹಣ ಖಜಾನೆಗೆ ವಾಪಸು ಹೋಗದಂತೆ ರೂಪಿಸಿದ ನಿಧಿ ಅದು. ಆದರೆ ಮೊದಲ ಕೆಲವು ವರ್ಷ ಹೆಚ್ಚಿನ ಪಾಲು ಖರ್ಚೇ ಆಗಲಿಲ್ಲ. ಆಮೇಲೆ ಖರ್ಚು ಶುರುವಾದಾಗ ದೊಡ್ಡ ಮೊತ್ತಗಳು ಹೋದದ್ದು ಕಣ್ಣಿಗೆ ಕಾಣುವ ಕೆಲಸಗಳಿಗೆ. ಬೆಂಗಳೂರಿಗೆ ಬಂದ ಸೇಫ್ ಸಿಟಿ ಯೋಜನೆಯ ಗಾತ್ರ 667 ಕೋಟಿ. ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಕ್ಯಾಮೆರಾಗಳು ಬಂದವು, ಕಮಾಂಡ್ ಸೆಂಟರ್ ಬಂತು. ಬಿಎಂಟಿಸಿಗೆ 2019ರಲ್ಲಿ ಪಿಂಕ್ ಸಾರಥಿ ವಾಹನಗಳು ಬಂದವು.

ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಇವೆಲ್ಲ ಬೇಕು, ಖಂಡಿತ ಬೇಕು. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದ ಬಗ್ಗೆ ಏನು ಹೇಳಿತು ನೋಡಿ. 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಶೇ 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಏರಿಕೆಯಲ್ಲಿ ಎಷ್ಟು ಪಾಲು ಹೆಚ್ಚಿದ ಹಿಂಸೆಯದು, ಎಷ್ಟು ಪಾಲು ಬಾಯಿಬಿಟ್ಟು ಹೇಳುವ ಧೈರ್ಯದ್ದು ಎಂಬ ಚರ್ಚೆ ಇರಲಿ. ನೂರಕ್ಕೆ ನಲವತ್ತನಾಲ್ಕು ಎಂದರೆ ಅದು ನಮ್ಮದೇ ಬೀದಿಯ ಮನೆಗಳು. ಆ ಅಡುಗೆಮನೆಗಳಲ್ಲಿ ಕ್ಯಾಮೆರಾ ಇಲ್ಲ, ಇರಲೂ ಬಾರದು.

ಅಲ್ಲಿಗೆ ತಲುಪಬಲ್ಲದ್ದು ಇನ್ನೊಬ್ಬ ಹೆಂಗಸಿನ ಕಿವಿ ಮಾತ್ರ. ಕರ್ನಾಟಕ ಇದನ್ನು ಬೇಗ ಅರಿತ ರಾಜ್ಯ. ನಿರ್ಭಯಾ ನಿಧಿಗೂ ಹತ್ತು ವರ್ಷಕ್ಕೆ ಮೊದಲೇ ಇಲ್ಲಿ ‘ಸಾಂತ್ವನ’ ಯೋಜನೆ ಶುರುವಾಗಿತ್ತು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅನುದಾನ ಕೊಡುತ್ತದೆ, ಸ್ವಯಂಸೇವಾ ಸಂಸ್ಥೆ ಕೇಂದ್ರ ನಡೆಸುತ್ತದೆ. ತಾಲ್ಲೂಕು ಊರಿನ ಒಂದೆರಡು ಕೋಣೆ, ಒಂದು ಫೋನು, ಒಬ್ಬ ಆಪ್ತ ಸಮಾಲೋಚಕಿ, ಕೆಲವೇ ಕಾರ್ಯಕರ್ತೆಯರು. ಏಟು ತಿಂದು ಬಂದವಳು ಮೊದಲ ದಿನವೇ ಎಲ್ಲವನ್ನೂ ಹೇಳುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಬೇರೆ ಮಾಡಿಸಬಹುದಾ ಮೇಡಂ, ಮಗುವಿನ ಟಿ.ಸಿ. ಕೊಡ್ತಾರಾ ಎಂದು ಶುರುಮಾಡುತ್ತಾಳೆ. ತವರಿನವರು ಹೊಂದಿಕೊಂಡು ಹೋಗು ಎಂದಿರುತ್ತಾರೆ. ಠಾಣೆಯಲ್ಲಿ ರಾಜಿ ಮಾಡಿ ಕಳಿಸಿರುತ್ತಾರೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಬಂದಾಗ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಆ ನಾಲ್ಕನೆಯ ಭೇಟಿಗೆ ಅದೇ ಮೇಡಂ ಅದೇ ಕುರ್ಚಿಯಲ್ಲಿ ಇರಬೇಕು. ಇಡೀ ವ್ಯವಸ್ಥೆ ನಿಂತಿರುವುದು ಇಷ್ಟರ ಮೇಲೆ.

ಇರುತ್ತಾರೆಯೇ? ಈ ಕೆಲಸದವರು ಬಹುತೇಕ ಗುತ್ತಿಗೆಯವರು ಅಥವಾ ಗೌರವಧನದವರು. ಹಣ ಬಳಕೆಯ ಪ್ರಮಾಣಪತ್ರ ಹೋಗಿ, ಕಡತ ಮೇಲೆ ಕೆಳಗೆ ಓಡಾಡಿ, ಕಂತು ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಅಷ್ಟು ದಿನ ಸಂಬಳವಿಲ್ಲದೆ ಯಾರು ನಿಂತಾರು? 2021ರಲ್ಲಿ, ಕೊರೊನಾ ಕಾಲದಲ್ಲಿ ಮನೆಯೊಳಗಿನ ಹಿಂಸೆಯ ದೂರು ಹೆಚ್ಚಿದ್ದಾಗಲೇ, ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚುವ ಮಾತು ಬಂತು. ಮಹಿಳಾ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಜಿಲ್ಲಾ ಕೇಂದ್ರದಲ್ಲಿ ‘ಸಖಿ’ ಇದೆಯಲ್ಲ ಎಂಬುದು ಸಮಜಾಯಿಷಿ. 2015ರಲ್ಲಿ ನಿರ್ಭಯಾ ನಿಧಿಯಿಂದ ಆರಂಭವಾದ ಸಖಿ ಒನ್ ಸ್ಟಾಪ್ ಸೆಂಟರ್ ನಿಜಕ್ಕೂ ಒಳ್ಳೆಯ ಯೋಜನೆ: ಚಿಕಿತ್ಸೆ, ಪೊಲೀಸ್, ವಕೀಲರ ನೆರವು, ಐದು ದಿನದ ತಂಗುವಿಕೆ, ಎಲ್ಲ ಒಂದೆಡೆ. ಆದರೆ ಕೈಯಲ್ಲಿ ಬಸ್ ಚಾರ್ಜೂ ಇಲ್ಲದೆ, ಗಂಡನ ಕಣ್ಣು ತಪ್ಪಿಸಿ ಬರುವವಳಿಗೆ ಜಿಲ್ಲಾ ಕೇಂದ್ರ ಬಹಳ ದೂರ.

ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರದು. ಅದರಡಿ ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ರಕ್ಷಣಾಧಿಕಾರಿ. ಅಂಗನವಾಡಿಗಳ ಹೊಣೆಯೆಲ್ಲ ಹೊತ್ತವರಿಗೆ ಇದು ಮೇಲುಭಾರ. 60 ದಿನದೊಳಗೆ ಅರ್ಜಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕೋರ್ಟಿಗೆ ಅಲೆದವರಿಗೆ ಆ 60 ದಿನದ ಅಳತೆ ಗೊತ್ತು.

ಇನ್ನು, ಹಿಂಸೆ ಆಗದಂತೆ ತಡೆಯುವ ಕೆಲಸ. ಇದಕ್ಕೆ ಹಣ ಸಿಗುವುದು ಮತ್ತೂ ಕಷ್ಟ. ಬೀಳದೇ ಹೋದ ಏಟನ್ನು ವರದಿಯಲ್ಲಿ ತೋರಿಸುವುದು ಹೇಗೆ? ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಲೈಂಗಿಕ ವೃತ್ತಿಯ ಮಹಿಳೆಯರ ಸ್ವಂತ ಸಂಘವಾದ ಚೈತನ್ಯದ ಜೊತೆ ಸೇರಿ ‘ಸಂವೇದನಾ ಪ್ಲಸ್’ ನಡೆಸಿತು. ಹಣ ಬಂದದ್ದು ಬ್ರಿಟನ್ ಸರ್ಕಾರದ ನೆರವಿನಿಂದ. ಸಂಗಾತಿಯ ಹೊಡೆತ ಕಡಿಮೆ ಮಾಡುವುದು ಗುರಿ. ಕೊನೆಗೆ ಅಳೆದಾಗ ಹೊಡೆತ ಕಡಿಮೆಯಾದ ಪುರಾವೆ ಸಿಗಲಿಲ್ಲ. ಆದರೆ ಹೊಡೆತವನ್ನು ಸಹಜವೆಂದು ಒಪ್ಪುವ ಮನಸ್ಸು ಬದಲಾಗಿತ್ತು, ಒಬ್ಬರಿಗೊಬ್ಬರು ನಿಲ್ಲುತ್ತಿದ್ದರು. ಉಗಾಂಡದ ಕಂಪಾಲಾದಲ್ಲಿ ‘ಸಾಸಾ’ ಎಂಬ ಇಂಥದ್ದೇ ಕೆಲಸ ನಡೆದ ಬಡಾವಣೆಗಳಲ್ಲಿ ಸಂಗಾತಿಯ ದೈಹಿಕ ಹಿಂಸೆ, ಉಳಿದ ಬಡಾವಣೆಗಳಿಗಿಂತ ಶೇ 52ರಷ್ಟು ಕಡಿಮೆ ಇತ್ತೆಂದು 2014ರ ಅಧ್ಯಯನ ಹೇಳಿತು. ಬಾಗಲಕೋಟೆಯದನ್ನು ಸೋಲು ಎಂದು ನಾನು ಕರೆಯಲಾರೆ. ಮನಸ್ಸು ಮೊದಲು ತಿರುಗುತ್ತದೆ, ಕೈ ನಿಲ್ಲಲು ಇನ್ನಷ್ಟು ಕಾಲ ಬೇಕು. ಯೋಜನೆಯ ಅವಧಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಸಖಿ ಕೇಂದ್ರ, 181 ಸಹಾಯವಾಣಿ, ಶಕ್ತಿ ಸದನಗಳನ್ನೆಲ್ಲ ಒಳಗೊಂಡ ಕೇಂದ್ರದ ‘ಮಿಷನ್ ಶಕ್ತಿ’ಗೆ ಮೊದಲು ಒಪ್ಪಿಗೆ ಸಿಕ್ಕಿದ್ದು 2025–26ರವರೆಗೆ. ಮುಂದಿನ ಲೆಕ್ಕದಲ್ಲಿ ಏನಿರಬೇಕು ಎಂದು ಹೇಳಲು ತಜ್ಞರೇ ಬೇಕಿಲ್ಲ. ಸಮಾಲೋಚಕಿಯ ಸಂಬಳ ಪ್ರತಿ ತಿಂಗಳೂ ಆಗಲಿ, ಬದುಕುವಷ್ಟಿರಲಿ. ಅನುದಾನ ಒಂದು ವರ್ಷಕ್ಕಲ್ಲ, ಕನಿಷ್ಠ ಐದು ವರ್ಷಕ್ಕೆ ಮಂಜೂರಾಗಲಿ. ರಕ್ಷಣಾಧಿಕಾರಿಗೆ ಬೇರೆ ಕೆಲಸ ಬೇಡ. ದೇಶದಲ್ಲಿ ಹಿಂಸೆ ಅನುಭವಿಸಿದ ನೂರು ಹೆಂಗಸರಲ್ಲಿ ನೆರವು ಕೇಳಿದವರು 14 ಮಂದಿ ಮಾತ್ರ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಈಗಿನ ಅನುದಾನ ಈ ಹದಿನಾಲ್ಕು ಮಂದಿಗೇ ಸಾಲುತ್ತಿಲ್ಲ. ಮಿಕ್ಕವರೂ ಬಂದು ಬಾಗಿಲು ತಟ್ಟುತ್ತಾರೆ ಎಂದುಕೊಂಡೇ ಹೊಸ ಬಜೆಟ್ ಬರೆಯಬೇಕು.